ಭಾರ ಕೂತ ಮೇಲಿನ ಅಳತೆ

"ಇದಕ್ಕೆ ಯಾರು ಕೈ ಹಾಕಿದ್ದು?" ಪಿಕಪ್ಪಿನ ಅಡಿಯಿಂದಲೇ ಅವಳು ಕೇಳಿದಳು.

ಹೊರಗೆ ನಿಂತಿದ್ದ ಮೈದುನನ ಚಪ್ಪಲಿಗಳಷ್ಟೇ ಕಾಣುತ್ತಿದ್ದವು. ಅವು ಒಂದು ಹೆಜ್ಜೆ ಹಿಂದೆ ಸರಿದವು. "ಯಾರೂ ಇಲ್ಲ ಅತ್ತಿಗೆ. ಯಾಕೆ?"

ಅವಳು ಟಾರ್ಚನ್ನು ಇನ್ನಷ್ಟು ಹತ್ತಿರ ಹಿಡಿದಳು. ಆ ಗಾಡಿಯ ಮುಂದಿನ ಭಾರ ಹೊರುವುದು ಎರಡು ಉದ್ದನೆಯ ಉಕ್ಕಿನ ಸರಳುಗಳು. ಅವುಗಳ ಹಿಂತುದಿಯ ಬೋಲ್ಟನ್ನು ಬಿಗಿ ಮಾಡಿದಷ್ಟೂ ಮೂತಿ ಮೇಲೇಳುತ್ತದೆ. ವರ್ಷಗಟ್ಟಲೆ ಕೆಸರು ಮೆತ್ತಿಕೊಂಡಿದ್ದ ಬೋಲ್ಟುಗಳ ತಲೆ ಈಗ ಬೆಳ್ಳಗೆ ಹೊಳೆಯುತ್ತಿತ್ತು. ಸ್ಪ್ಯಾನರ್ ಜಾರಿ ಗೀರಿದ ಗುರುತು ಬೇರೆ. ಎಡಗಡೆಯದನ್ನು ಹೆಚ್ಚು ಸುತ್ತಿದ್ದರಿಂದ ಗಾಡಿ ಬಲಕ್ಕೆ ವಾಲಿತ್ತು.

ಮೂರು ವರ್ಷದಿಂದ ಅವಳ ಗ್ಯಾರೇಜಿನ ಕಡೆ ತಲೆ ಹಾಕದವನು ಈವತ್ತು ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿದ್ದ. ಗಂಡ ತೀರಿಕೊಂಡ ಮೇಲೆ ಈ ಪಿಕಪ್ಪನ್ನು ಅವಳೇ ಇವನಿಗೆ ಕೊಟ್ಟಿದ್ದಳು. ಹಾಸಿಗೆ ಅಂಗಡಿಯ ಸರಕು ಸಾಗಿಸುತ್ತಾನೆ. ಹಾಸಿಗೆಗೆ ಭಾರವೆಲ್ಲಿ? ಹಿಂಭಾಗ ಸದಾ ಎದ್ದೇ ಇರುತ್ತದೆ, ಮೂತಿ ತಗ್ಗಿಯೇ ಇರುತ್ತದೆ. ಇಷ್ಟು ವರ್ಷ ಹಾಗೇ ಓಡಿದ್ದಕ್ಕೆ ಈಗ ಏಕಾಏಕಿ ಸಮ ಮಾಡಿಸುವ ಆಸೆ ಯಾಕೆ?

"ಮಾರ್ತಿದ್ದೀಯಾ?"

"ಛೆ, ಇಲ್ಲಪ್ಪ."

"ಮತ್ತೆ? ಕೊಳ್ಳೋರಿಗೆ ಚೆಂದ ಕಾಣ್ಲಿ ಅಂತ ತಾನೇ?"

"ಸುಮ್ನೆ... ನೆಟ್ಟಗಿರ್ಲಿ ಅಂತ."

ಅವಳು ಹೊರಗೆ ತೆವಳಿ ಬಂದು ನೋಡಿದರೆ ಅವನು ಕಿವಿ ಉಜ್ಜಿಕೊಳ್ಳುತ್ತಿದ್ದ. ಸುಳ್ಳು ಹೇಳುವಾಗ ಅಣ್ಣತಮ್ಮಂದಿರಿಬ್ಬರದೂ ಅದೇ ಚಾಳಿ. ಅವಳು ಹೋಗಿ ಎಡಬದಿಯ ಬಾಗಿಲು ತೆರೆದಳು. ಸೀಟಿನ ಮೇಲೆ ಮಡಿಸಿದ ಕಂಬಳಿ, ಅದರ ಮುಂದಿನ ಅಂಚಿಗೆ ಸುರುಳಿ ಸುತ್ತಿ ತುರುಕಿದ ಟವೆಲ್ಲು, ಕೆಳಗೆ ಒಂದು ಊರುಗೋಲು.

"ಅತ್ತೇದಾ?"

ಅವನು ಕಿವಿ ಬಿಟ್ಟ. "ಸೊಂಟದ ಆಪರೇಷನ್ ಆಗಿ ಎರಡು ತಿಂಗಳಾಯ್ತು. ವಾರಕ್ಕೆ ಮೂರು ಸಲ ವ್ಯಾಯಾಮ ಮಾಡ್ಸೋಕೆ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ. ಗಾಡಿ ಮುಂದಕ್ಕೆ ಇಳಿಜಾರಲ್ವಾ, ಬ್ರೇಕ್ ಹಾಕ್ದಾಗೆಲ್ಲ ಜಾರ್ತಾರೆ. ಹಲ್ಲು ಕಚ್ಕೊಂಡು ಕೂತಿರ್ತಾರೆ ಪಾಪ. ನಾನೇ ತಿರುಗಿಸಿ ನೋಡ್ದೆ, ವಾಲ್ಬಿಡ್ತು."

"ನಂಗೆ ಒಂದು ಮಾತು ಹೇಳೋದಲ್ವಾ?"

"ಈಗ ನಿಮ್ಮ ಕೈ ತಗುಲಿದ್ದು ಗೊತ್ತಾದ್ರೆ ಅಮ್ಮ ಇದ್ರಲ್ಲಿ ಕೂರಲ್ಲ ಅತ್ತಿಗೆ."

ಅವಳಿಗೆ ಗೊತ್ತಿಲ್ಲದ್ದೇನಲ್ಲ. ಗಂಡ ಬೈಕಿನಿಂದ ಬಿದ್ದು ಸತ್ತದ್ದರ ಹಿಂದಿನ ಸಂಜೆ ಆ ಬೈಕಿನ ಬ್ರೇಕು ಸರಿಮಾಡಿದವಳು ಅವಳೇ. ರಸ್ತೆಯಲ್ಲಿ ಎಣ್ಣೆ ಚೆಲ್ಲಿತ್ತು ಎಂದು ಪೊಲೀಸರು ಬರೆದುಕೊಂಡರು. ಅತ್ತೆ ನಂಬಲಿಲ್ಲ. "ನಟ್ಟು ಬಿಗಿ ಮಾಡಿದ್ದು ನೆನಪಿದೆಯಾ?" ಎಂದು ಹೆಣದ ಮುಂದೆಯೇ ಕೇಳಿದ್ದರು. ನೆನಪಿದೆ ಎಂದಿದ್ದಳು. ಆದರೆ ತನ್ನನ್ನೇ ಕೇಳಿಕೊಂಡಾಗ, ಅವಳ ಕೈಗೆ ಆ ಬಿಗಿ ಮಾತ್ರ ಎಂದೂ ನೆನಪಾಗಲಿಲ್ಲ. ಅಲ್ಲಿಂದೀಚೆಗೆ ಪ್ರತಿ ನಟ್ಟನ್ನೂ ಎರಡೆರಡು ಸಲ ಮುಟ್ಟಿ ನೋಡಿ ಹಳದಿ ಬಣ್ಣದ ಗೆರೆ ಎಳೆಯುತ್ತಾಳೆ.

"ಅವರನ್ನ ಕರ್ಕೊಂಡು ಬಾ. ಅವರು ಕೂತಮೇಲೇ ಅಳೀಬೇಕು. ಖಾಲಿ ಗಾಡಿ ಅಳೆದು ಪ್ರಯೋಜನ ಇಲ್ಲ."

ಅದು ಅರ್ಧ ನಿಜವಾಗಿತ್ತು.

ಹನ್ನೊಂದು ಗಂಟೆಗೆ ಅದೇ ಗಾಡಿಯಲ್ಲಿ ಅತ್ತೆ ಬಂದರು, ಕೆಲಸ ತಮ್ಮ ಕಣ್ಣೆದುರೇ ಆಗಬೇಕೆಂಬ ಷರತ್ತು ಹಾಕಿ. ಮೊದಲು ಅವಳು ಅವರನ್ನು ಸೀಟಿನಲ್ಲಿ ಕೂರಿಸಿಯೇ, ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕೂ ಕಡೆ ಟೇಪು ಹಿಡಿದಳು. ಆಮೇಲೆ ಇಳಿಸಿ, ಜಾಕ್ ಕೊಟ್ಟು ಮುಂಭಾಗವನ್ನು ಎತ್ತಿದಳು. ಅತ್ತೆ ಕುರ್ಚಿಯನ್ನು ಗಾಡಿಯ ಬುಡಕ್ಕೇ ಹಾಕಿಸಿಕೊಂಡರು.

"ಎಷ್ಟು ಸುತ್ತು?"

"ಬಲಗಡೆ ನಾಲ್ಕು, ಎಡಗಡೆ ಎರಡು."

"ಎಣಿಸ್ತೀನಿ."

ಎಣಿಸಿದರು, ಪಾಠ ಒಪ್ಪಿಸಿಕೊಳ್ಳುವ ಮೇಷ್ಟರ ಹಾಗೆ. ನಾಲ್ಕಾಯಿತೆಂದು ಅವಳು ಸ್ಪ್ಯಾನರ್ ತೆಗೆಯುವಾಗ ಮೇಲಿನಿಂದ ದನಿ ಬಂತು: "ಮೂರೂವರೆ. ನಡುವೆ ಒಂದ್ಸಲ ಜಾರ್ತು."

ಜಾರಿದ್ದು ನಿಜ. ತನ್ನ ಗಮನಕ್ಕೆ ಅದು ಬಂದೇ ಇರಲಿಲ್ಲ. ಉಳಿದರ್ಧ ತಿರುಗಿಸಿದಳು, ಎಡಗಡೆಯದನ್ನೂ ಮುಗಿಸಿದಳು, ಬೋಲ್ಟು ಸಡಿಲವಾಗದಂತೆ ತಡೆಯುವ ನಟ್ಟುಗಳನ್ನು ಬಿಗಿದಳು.

"ಇನ್ನೊಂದ್ಸಲ," ಎಂದರು ಅತ್ತೆ.

ಬಿಗಿದಳು.

"ಇನ್ನೊಂದ್ಸಲ."

ಬಿಗಿದಳು. ಗೆರೆ ಎಳೆದಳು. ಗಾಡಿಯನ್ನು ಇಳಿಸಿ, ಹಿಂದೆ ಮುಂದೆ ತಳ್ಳಿ, ಅತ್ತೆಯನ್ನು ಮತ್ತೆ ಕೂರಿಸಿ ಅಳೆದಾಗ ನಾಲ್ಕೂ ಕಡೆ ಒಂದೇ ಲೆಕ್ಕಕ್ಕೆ ಬಂತು.

"ಅತ್ತೆ, ನೀವು ಇಳೀರಿ. ಒಂದು ಸುತ್ತು ಓಡಿಸಿ ನೋಡ್ತೀನಿ."

"ನಾನು ಇಳಿಯಲ್ಲ. ಬಿಗಿ ಮಾಡಿದವಳು ನೀನು, ಓಡಿಸೋಳೂ ನೀನೇ. ನಾನು ಇಲ್ಲೇ ಇರ್ತೀನಿ."

ಮೊದಲ ರಸ್ತೆ ಉಬ್ಬನ್ನು ಅವಳು ಹಸುಗೂಸನ್ನು ಎತ್ತಿಕೊಂಡವಳ ಹಾಗೆ ದಾಟಿದಳು. ಅತ್ತೆಯ ಅಂಗೈ ಡ್ಯಾಶ್‌ಬೋರ್ಡಿಗೆ ಒತ್ತಿಕೊಂಡಿತ್ತು, ಕಿವಿ ಗಾಡಿಯ ಅಡಿಯಿಂದ ಬರಬಹುದಾದ ಸದ್ದಿಗೆ ಕಾಯುತ್ತಿತ್ತು. ಸದ್ದು ಬರಲಿಲ್ಲ. ಎರಡನೆಯ ಉಬ್ಬು ದಾಟಿದರೂ ಅವರು ಜಾರಲಿಲ್ಲ. ಗ್ಯಾರೇಜಿಗೆ ಹಿಂತಿರುಗುವ ರಸ್ತೆ ಬಂತು. ಅವಳು ವೇಗ ತಗ್ಗಿಸಿ ಇಂಡಿಕೇಟರ್ ಹಾಕಿದಳು.

"ಇಷ್ಟಕ್ಕೇ ಗೊತ್ತಾಗಲ್ಲ," ಎಂದರು ಅತ್ತೆ, ಅವಳ ಕಡೆ ನೋಡದೆ. "ಇನ್ನೂ ಮುಂದೆ ಹೋಗು."

ಅವಳು ಇಂಡಿಕೇಟರ್ ಆರಿಸಿದಳು. ಅತ್ತೆ ಡ್ಯಾಶ್‌ಬೋರ್ಡಿನಿಂದ ಕೈ ತೆಗೆದು, ಕಿಟಕಿಯ ಗಾಜನ್ನು ಎರಡು ಬೆರಳಷ್ಟು ಇಳಿಸಿದರು.