ಬುಟ್ಟದಿಂದ ಬುಟ್ಟಕ್ಕೆ

ಮೊಳಕಾಲ್ಮೂರು ಸೀರೆಯ ಮೈಮೇಲೆ ಬುಟ್ಟ, ಅಂದರೆ ಜರಿಯ ಪುಟ್ಟ ಹೂಗಳನ್ನು, ತೆಗೆಯುವಾಗ ಕೈಗಿಂತ ಕಣ್ಣಿಗೇ ದುಡಿಮೆ ಹೆಚ್ಚು. ಒಂದು ಬುಟ್ಟದಲ್ಲಿ ಜರಿ ತೂರಿಸಿದ ಕೂಡಲೇ ಕಣ್ಣು ಪಕ್ಕದ ಬುಟ್ಟಕ್ಕೆ ಹಾರಬೇಕು. ನನ್ನ ಗಂಡ ಚಂದ್ರಣ್ಣ ಸಂಜೆ ಹೊತ್ತು ನೇಯ್ದ ಬುಟ್ಟಗಳು ಈಚೆಗೆ ಒಂದೆಳೆ ಆಚೀಚೆ ಜರುಗುತ್ತಿದ್ದವು. ನಮಗೆ ರೇಷ್ಮೆ ಕೊಡುವ ಶಿವಮೂರ್ತಪ್ಪನವರು, "ಇನ್ನೊಂದು ಸೀರೆ ಹಿಂಗೆ ಬಂದ್ರೆ ನೂಲು ಬೇರೆ ಮನೆಗೆ ಹೋಗ್ತೈತೆ" ಎಂದು ಹೇಳಿಹೋಗಿದ್ದರು. ಆ ಇನ್ನೊಂದು ಸೀರೆ ಆಗ ಮಗ್ಗದ ಮೇಲಿತ್ತು.

"ನೀನು ಕಡ್ಡಿಗೆ ಜರಿ ಸುತ್ತೋದೇ ಸರಿಯಿಲ್ಲ" ಎಂದರು ಇವರು.

"ಬೆಳಗ್ಗೆ ಚೆಂದಾಗಿರೋ ಜರಿ ಸಂಜೆ ಕೆಡ್ತೈತಾ? ನಡುವೆ ಅರ್ಧ ಲೋಟ ಇಳಿಸ್ತೀರಲ್ಲ, ಅದನ್ನ ಕೇಳ್ರಿ."

"ಅಷ್ಟಕ್ಕೆಲ್ಲ ಅಮಲೇರ್ತೈತೇನೆ? ಸೊಂಟ ನೋವಿಗೆ ಕಣೆ ಅದು. ನೋಡು, ಕೈ ನಡುಗ್ತೈತಾ?"

ನಡುಗುತ್ತಿರಲಿಲ್ಲ. ಮಾತೂ ತೊದಲುತ್ತಿರಲಿಲ್ಲ. ನನಗೇ ಅನುಮಾನ ಬಂದು, ಸುತ್ತಿದ್ದ ಜರಿಯನ್ನೆಲ್ಲ ಬಿಚ್ಚಿ ಮತ್ತೆ ಸುತ್ತಿದ್ದೆ.

ಚಳ್ಳಕೆರೆಯ ಕಣ್ಣಾಸ್ಪತ್ರೆಯೊಂದರಲ್ಲಿ ಕೆಲಸ ಕಲಿಯುತ್ತಿರುವ ಮಗಳು ಸ್ವಪ್ನ ಭಾನುವಾರ ಬಂದವಳು ಈ ಜಗಳ ಕೇಳಿದಳು. "ಅಪ್ಪಾ, ಕುಡಿಯೋಕೆ ಮುಂಚೆ ಇಲ್ಲಿ ಕೂತ್ಕೋ" ಎಂದು ಎರಡು ಕೈಯಲ್ಲಿ ಎರಡು ಬಣ್ಣದ ನೂಲುಂಡೆ ಹಿಡಿದಳು. "ತಲೆ ಅಲ್ಲಾಡಿಸ್ಬೇಡ. ಕೆಂಪು ನೋಡು. ಹಸಿರು ನೋಡು."

"ಪೊಲೀಸರಿಗಿಂತ ನೀನೇ ಘಾಟಿ ಕಣವ್ವ!"

ನಾನು ಮೊಬೈಲಿನಲ್ಲಿ ಅವರ ಕಣ್ಣುಗಳ ವಿಡಿಯೋ ತೆಗೆದೆ. ಲೋಟ ಮುಗಿಸಿ ಸ್ವಲ್ಪ ಹೊತ್ತಾದ ಮೇಲೆ ಮತ್ತೆ ತೆಗೆದೆ.

ಸ್ವಪ್ನ ಎರಡನ್ನೂ ನಿಧಾನವಾಗಿ ಓಡಿಸಿದಳು. ಮೊದಲನೆಯದರಲ್ಲಿ ಕಣ್ಣುಗಳು ಕೆಂಪಿನಿಂದ ಹಸಿರಿಗೆ ಒಂದೇ ನೆಗೆತಕ್ಕೆ ಹಾರಿದವು. ಎರಡನೆಯದರಲ್ಲಿ ತಡವಾಗಿ ಹೊರಟು, ಹಸಿರಿಗಿಂತ ಈಚೆಗೇ ನಿಂತು, ಇನ್ನೊಂದು ಪುಟ್ಟ ನೆಗೆತ ಹಾಕಿ ತಲುಪಿದವು.

"ಅಮಲು ಗೊತ್ತಾಗೋಕೆ ಮುಂಚೇನೇ ಕಣ್ಣು ಸೋಮಾರಿ ಆಗ್ತೈತಪ್ಪ."

"ಮತ್ತೊಮ್ಮೆ ಹಾಕು" ಎಂದರು. ನೋಡಿದರು. ಎದ್ದುಹೋದರು.

ಮರುದಿನ ಬೆಳಗ್ಗೆ ಮಗ್ಗದಿಂದ ಕೂಗಿದರು. "ಬಾರೆ, ಸಂಜೆ ಹೊತ್ತು ನೇಯ್ದಿದ್ದೆಲ್ಲ ಬಿಚ್ಚೋಣ." ಇಬ್ಬರೂ ಕೂತು ಎಳೆ ಎಳೆಯಾಗಿ ಬಿಚ್ಚಿದೆವು. "ನಿನ್ನ ಜರಿದೇನೂ ತಪ್ಪಿರ್ಲಿಲ್ಲ" ಎಂದರು, ಬಟ್ಟೆಯನ್ನೇ ನೋಡುತ್ತ.

ಕುಡಿತ ಪೂರ್ತಿ ಬಿಟ್ಟರೆಂದರೆ ಸುಳ್ಳಾದೀತು. ಮಗ್ಗಕ್ಕೆ ಕೂರುವ ದಿನ ಮಾತ್ರ ಮುಟ್ಟಲಿಲ್ಲ. ಸೊಂಟಕ್ಕೆ ನಾನು ಬಿಸಿನೀರಿನ ಶಾಖ ಕೊಟ್ಟೆ, ಬೈದುಕೊಂಡೇ ಕೊಡಿಸಿಕೊಂಡರು.

ಸೀರೆ ಮುಗಿದ ದಿನ ಬಂದ ಶಿವಮೂರ್ತಪ್ಪನವರು ಅದನ್ನು ಬಾಗಿಲ ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದರು.

"ಪೂರ್ತಿ ನೀನೇ ನೇಯ್ದೆಯೇನಯ್ಯ?"

"ನಾನೇ, ಯಜಮಾನ್ರೇ."

ಅವರು ಸೀರೆ ಮಡಿಸಿಟ್ಟು, ಚೀಲದಿಂದ ರೇಷ್ಮೆಯ ಕಟ್ಟು ತೆಗೆದು ನನ್ನ ಕೈಗಿತ್ತರು. ಈ ಸಲದ್ದು ಎರಡು ಸೀರೆಗಾಗುವಷ್ಟಿತ್ತು.