ಎಡಗೈಗೆ ಒಗ್ಗದ ಕತ್ತರಿ

ನಾನೊಂದು ಕತ್ತರಿ. ದಾರ ತುಂಡರಿಸುವ ಪುಟ್ಟ ಕತ್ತರಿಯಲ್ಲ, ದಪ್ಪ ಉಣ್ಣೆ ಬಟ್ಟೆ ಕತ್ತರಿಸುವ ಭಾರದ ಕತ್ತರಿ. ಲಾರಿಯ ಹಳೆಯ ಸ್ಪ್ರಿಂಗಿನ ಉಕ್ಕಿನ ಪಟ್ಟಿಯನ್ನು ಕಾಯಿಸಿ, ಬಡಿದು, ಗದಗಿನ ಕುಲುಮೆಯೊಂದರಲ್ಲಿ ನನ್ನನ್ನು ಮಾಡಿದರು. ನನ್ನ ಹಿಡಿಕೆಯನ್ನು ಗುರುಶಾಂತಪ್ಪ ಸಿಂಪಿಗೇರ ಅವರ ಬಲಗೈ ಬೆರಳುಗಳಿಗೆ ಸರಿಹೊಂದಿಸಿಯೇ ಬಾಗಿಸಿದ್ದರು.

ಗುರುಶಾಂತಪ್ಪ ಕೋಟು ಹೊಲಿಯುವುದರಲ್ಲಿ ಹೆಸರಾದವರು. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಅವನ ಮೈಕಟ್ಟನ್ನು ಕಣ್ಣಲ್ಲಿ ಅಳೆದುಬಿಡುತ್ತಿದ್ದರು. ನನ್ನನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಮಗ ಬಸ್ಸಿನ ಕಂಡಕ್ಟರಾದ. ಸೊಸೆ ನೀಲಾ ಮಾತ್ರ ಅಂಗಡಿಯ ಮೂಲೆಯಲ್ಲಿ ಕುಪ್ಪಸ ಹೊಲಿಯುತ್ತ, ಮಾವನ ಕೆಲಸವನ್ನು ಕದ್ದು ನೋಡುತ್ತಿದ್ದಳು. ಅವಳು ಎಡಗೈಯವಳು.

ವಯಸ್ಸಾದಂತೆ ಗುರುಶಾಂತಪ್ಪನವರ ಕೈ ನಡುಗತೊಡಗಿತು. ಅದು ಮೊದಲು ತಿಳಿದದ್ದು ನನಗೆ. ಅವರು ಯಾರಿಗೂ ಹೇಳಲಿಲ್ಲ. ಕೋಟಿನ ಕೆಲಸ ಬಂದರೆ ಏನೋ ನೆಪ ಹೇಳಿ ಕಳಿಸುತ್ತಿದ್ದರು.

ಒಂದು ದಿನ ಹತ್ತಿಯ ಮೂಟೆ ಹೊರುವ ಹಮಾಲ ಮಹಾಲಿಂಗಪ್ಪ ಬಂದ. ಭಾರ ಹೊತ್ತು ಹೊತ್ತು ಅವನ ಒಂದು ಭುಜ ಇಳಿದುಹೋಗಿತ್ತು. ಕಂಕುಳಲ್ಲಿ ಬೂದು ಬಣ್ಣದ ಉಣ್ಣೆ ಬಟ್ಟೆಯ ಗಂಟು.

"ನಮ್ಮಣ್ಣ ತಾನು ಕೋಟು ಹೊಲಿಸ್ಕೋಬೇಕಂತ ತಂದಿಟ್ಟಿದ್ದ್ರಿ. ಹೊಲಿಸೋದ್ರಾಗ ಹೋಗಿಬಿಟ್ಟ. ಈಗ ಅವನ ಮಗಳ ಮದುವಿ. ತಂದಿ ಜಾಗಾದಾಗ ನಾ ನಿಂದರಬೇಕು. ಇಂಥಾ ಅರಿವಿ ಮತ್ತ ಸಿಗಂಗಿಲ್ರಿ."

ಇಲ್ಲವೆನ್ನಲು ಗುರುಶಾಂತಪ್ಪನವರಿಗೆ ಬಾಯಿ ಬರಲಿಲ್ಲ. ಅವನು ಹೋದ ಮೇಲೆ ಬಟ್ಟೆ ಹಾಸಿ, ಚಾಕ್ ಹಿಡಿದರು. ಗೆರೆ ಹಾವಿನಂತೆ ಹರಿಯಿತು. ನನ್ನನ್ನು ಎತ್ತಿದರು. ಬಟ್ಟೆಯ ಅಂಚಿಗೆ ಬಂದು ನಿಂತವರು ಹಾಗೇ ಕೆಳಗಿಟ್ಟರು.

"ಎಷ್ಟು ದಿನ ಆತ್ರಿ ಮಾವಾರ, ಕೈ ಹಿಂಗಾಗಿ?" ನೀಲಾ ಕೇಳಿದಳು.

ಅವರು ನನ್ನನ್ನು ಅವಳತ್ತ ಸರಿಸಿದರು. "ಬಾ ಯವ್ವ, ನೀ ಹಿಡಿ," ಎಂದರು.

ಹಳೆಯ ಕಂಬಳಿಯ ತುಂಡುಗಳ ಮೇಲೆ ಪಾಠ ಶುರುವಾಯಿತು. ಅಳತೆ, ಗೆರೆ ಎಲ್ಲ ಅವಳಿಗೆ ಬೇಗ ಒಲಿಯಿತು. ಒಲಿಯದವನು ನಾನೇ. ಅವಳ ಎಡಗೈಯಲ್ಲಿ ನನ್ನ ಅಲಗು ಗೆರೆಯನ್ನು ಮರೆಮಾಡುತ್ತಿತ್ತು, ದಪ್ಪ ಬಟ್ಟೆ ಅಲಗುಗಳ ನಡುವೆ ಮಡಚಿಕೊಳ್ಳುತ್ತಿತ್ತು. ಬಲಗೈಗೆ ಬದಲಿಸಿ ನೋಡಿದಳು, ಇನ್ನೂ ಕೆಟ್ಟಿತು. ಅವಳ ಹೆಬ್ಬೆರಳಲ್ಲಿ ಬೊಬ್ಬೆ ಎದ್ದಿತು.

"ನನ್ನ ಕೈನ ಸರಿ ಇಲ್ರಿ," ಎಂದು ತಲೆ ತಗ್ಗಿಸಿದಳು.

ಗುರುಶಾಂತಪ್ಪ ಆ ಕೈಯನ್ನು ತಿರುಗಿಸಿ ನೋಡಿದರು. "ಮೈ ನೋಡಿ ಅಂಗಿ ಹೊಲಿತೀವಿ. ಕೈ ನೋಡಿ ಕತ್ತರಿ ಕೊಡೋದು ನನಗ ಹೊಳೀಲಿಲ್ಲ ನೋಡು."

ಮರುದಿನ ನನ್ನನ್ನು ಚೀಲದಲ್ಲಿ ಹಾಕಿಕೊಂಡು ಕುಲುಮೆಗೆ ಹೋದರು. "ಮೌನೇಶ, ಇದಕ್ಕೊಂದು ತಂಗಿ ಮಾಡಿಕೊಡು. ಕನ್ನಡ್ಯಾಗ ಕಂಡಂಗ ಇರಬೇಕು." ಕಮ್ಮಾರ ಮೌನೇಶ ನನ್ನನ್ನು ಎದುರಿಗಿಟ್ಟುಕೊಂಡು, ಎಲ್ಲವನ್ನೂ ತಿರುವುಮುರುವಾಗಿಸಿ ಹೊಸ ಕತ್ತರಿ ಬಡಿದ. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ಸಾಮಾನ್ಯವಾಗಿ ಬಟ್ಟೆ ಮಡಚಿ ಎರಡೂ ಬದಿಯನ್ನು ಒಟ್ಟಿಗೆ ಕತ್ತರಿಸುತ್ತಾರೆ. ಮಹಾಲಿಂಗಪ್ಪನ ಏರುಪೇರಾದ ಭುಜಗಳಿಗಾಗಿ ನೀಲಾ ಹೊಸ ಕತ್ತರಿಯಿಂದ ಒಂದೊಂದು ಬದಿಯನ್ನು ಬೇರೆಬೇರೆಯಾಗಿ ಕತ್ತರಿಸಿದಳು. ಮಾವ ಪಕ್ಕದಲ್ಲೇ ನಿಂತಿದ್ದರು. ಎಲ್ಲೂ ಗೆರೆ ತಪ್ಪಲಿಲ್ಲ.

ಮಹಾಲಿಂಗಪ್ಪ ಕೋಟು ತೊಟ್ಟು ಕನ್ನಡಿಯೆದುರು ನಿಂತ. ಈಗ ಸಮನಾಗಿ ಕಾಣುತ್ತಿದ್ದ ಎರಡೂ ಭುಜ ಮುಟ್ಟಿ ನೋಡಿಕೊಂಡು, "ನಮ್ಮಣ್ಣ ಹಿಂಗ ನಿಂದರ್ತಿದ್ದ," ಎಂದ.

"ನಾನಲ್ಲಪ, ನಮ್ಮ ಸೊಸಿ ಹೊಲಿದಾಳ," ಎಂದರು ಗುರುಶಾಂತಪ್ಪ, ಅವನು ಕೇಳದಿದ್ದರೂ.

ಈಗ ನಾನು ಕತ್ತರಿಸುವುದಿಲ್ಲ. ಹಾಸಿದ ಬಟ್ಟೆ ಸರಿಯದಂತೆ ನೀಲಾ ನನ್ನನ್ನು ಅದರ ಮೇಲಿಡುತ್ತಾಳೆ. ವಿದ್ಯೆ ನನ್ನನ್ನು ದಾಟಿ ಅವಳ ಕೈ ಸೇರಿತು. ನಾನು ಅದನ್ನು ಹಿಡಿದಿಟ್ಟುಕೊಳ್ಳಬೇಕಿಲ್ಲ, ಬಟ್ಟೆಯನ್ನು ಹಿಡಿದರೆ ಸಾಕು. ಮೊದಮೊದಲು ಗುರುಶಾಂತಪ್ಪ ಕುರ್ಚಿಯಿಂದಲೇ "ನಿಧಾನ, ನಿಧಾನ" ಎನ್ನುತ್ತಿದ್ದರು. ಈಗೀಗ ತಂಗಿಯ ಅಲಗಿನ ಸದ್ದು ಕೇಳುತ್ತ ಕೂತಲ್ಲೇ ನಿದ್ದೆ ಹೋಗುತ್ತಾರೆ.