ಸಂಡೂರಿನ ಗುಡ್ಡದಲ್ಲಿ ಹೂ ಮುಡಿಸಿದ್ದು

ಕುರೆಕುಪ್ಪದ ಗಂಡಿನ ಕಡೆಯವರಿಗೆ ಮಲಪನಗುಡಿಯ ನಮ್ಮ ಪಡಸಾಲೆ ಸಾಲಲಿಲ್ಲ. ಹೆಣ್ಣು ನೋಡಿ, ಒಗ್ಗರಣೆ ಮಂಡಕ್ಕಿ, ಮಿರ್ಚಿ ಎಲ್ಲ ಮುಗಿಸಿದ ಮೇಲೂ ಒಪ್ಪಿಗೆ ಬಾಯಿಬಿಟ್ಟು ಹೇಳಲಿಲ್ಲ. ಹುಡುಗ ಪಂಪೇಶ್ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಸಂಡೂರಿನ ಗುಡ್ಡದ ಮೇಲೆ ಬೇಲಿ ಹಾಕಿ ಕಾಪಾಡಿರುವ ಹೂವಿನ ಬಯಲು ಇದೆಯಂತೆ, ಅಲ್ಲಿ ಹುಡುಗಿಯ ಜೊತೆ ಮಾತಾಡಿ ತಿಳಿಸುತ್ತಾನಂತೆ. ಮಾತಾಡಲು ಗುಡ್ಡ ಹತ್ತಬೇಕೇ? ಆದರೆ ನನ್ನ ಅಕ್ಕನ ಮಗಳು ಸೌಜನ್ಯಳಿಗೆ ಅವನು ಹಿಡಿಸಿದ್ದ. ಅವಳ ಮುಖ ನೋಡಿ ನಾನೂ ಜೊತೆಗೆ ಹೊರಟೆ.

ಹೂವೇನೋ ಭರ್ಜರಿಯಾಗಿ ಅರಳಿತ್ತು, ಸುಳ್ಳು ಹೇಳಬಾರದು. ಹೋಳಿ ಹಬ್ಬಕ್ಕೆ ಮುಂಚೆ ಬಿದ್ದ ಅಡ್ಡಮಳೆಗೆ ಇಡೀ ಇಳಿಜಾರು ಹಳದಿ, ನೇರಳೆ ಆಗಿತ್ತು. ಮಹಾರಾಯನಿಗೆ ಅದು ಕಾಣಬೇಕಲ್ಲ! ಬೆನ್ನು ಹೂವಿಗೆ, ಮುಖ ಮೊಬೈಲಿಗೆ. ನಿಸರ್ಗ ಉಳಿಸಬೇಕು, ಜನಕ್ಕೆ ಬುದ್ಧಿಯಿಲ್ಲ ಅಂತ ವಿಡಿಯೊದಲ್ಲಿ ಉಪದೇಶ ಬೇರೆ. ನಿಂತಿದ್ದು ಮಾತ್ರ ಹೂವಿನ ಮೇಲೆಯೇ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ.

ನಮ್ಮ ಜೊತೆ ಬಂದಿದ್ದ ಅವನ ತಾಯಿ ಎರ್ರೆಮ್ಮ ಒಳ್ಳೆಯ ಹೆಂಗಸು. ಹೂ ಕಂಡರೆ ನಮ್ಮ ಕಡೆಯ ಹೆಂಗಸರ ಕೈ ಸುಮ್ಮನಿರುತ್ತದೆಯೇ? ಒಂದು ಹಳದಿ ಗೊಂಚಲು ಕಿತ್ತು, ಸೌಜನ್ಯಳನ್ನು ಹತ್ತಿರ ಕರೆದು ಜಡೆಗೆ ಮುಡಿಸಿಯೇಬಿಟ್ಟಳು. ಗಂಡಿನ ತಾಯಿ ಹೂ ಮುಡಿಸಿದಳು ಅಂದರೆ ಮುಗಿಯಿತು, ಹೆಣ್ಣು ಆ ಮನೆಯದು. ಸೌಜನ್ಯ ಬಗ್ಗಿ ಆಕೆಯ ಕಾಲು ಮುಟ್ಟಿದಳು. ನನಗೆ ಕಣ್ಣಲ್ಲಿ ನೀರು ಬಂತು.

ಅಷ್ಟರಲ್ಲಿ ಗಾರ್ಡ್ ಬಂದ. ಹೂ ಕೀಳಬಾರದು ಅಂತ ಬೋರ್ಡ್ ಇಲ್ಲವೇ, ಕಿತ್ತವರು ಯಾರು, ಆಫೀಸಿಗೆ ನಡೆಯಿರಿ ಅಂತ ಜೋರು ಮಾಡಿದ. ಎರ್ರೆಮ್ಮ ಬಾಯಿ ತೆರೆಯುವ ಮೊದಲೇ ಮಗ ಮುಂದೆ ಬಂದ.

"ನಮ್ಮವ್ವ ಅಲ್ರಿ. ಈಕಿನಾ ಕಿತ್ತಿದ್ದು, ತಲ್ಯಾಗ ಐತಿ ನೋಡ್ರಿ. ಇವ್ರು ಯಾರಂತ ನಮಗ ಗೊತ್ತಿಲ್ರಿ."

ಥೂ, ಇವನ ಬಾಯಿಗೆ ಮಣ್ಣು ಹಾಕ! ನಾನು ಸೆರಗು ಸಿಗಿಸಿ ಜಗಳಕ್ಕೆ ನಿಂತೆ. ಸೌಜನ್ಯ ನನ್ನನ್ನು ತಡೆದಳು. ಕಿತ್ತಿದ್ದು ನಾನೇ, ಬರುತ್ತೇನೆ ಅಂತ ಗಾರ್ಡ್‌ಗೆ ಹೇಳಿ, ಜಡೆಯ ಹೂ ತೆಗೆದು ಎರ್ರೆಮ್ಮನ ಕೈಯಲ್ಲಿಟ್ಟಳು.

"ನೀವು ಭಾಳ ಪ್ರೀತಿಲಿಂದ ಮುಡಿಸಿದ್ರಿ ಅತ್ತಿ. ಆದ್ರ ನಿಮ್ಮ ಮಗಗ ನಾ ಯಾರಂತ ಗೊತ್ತಿಲ್ಲಂತ."

ಅಷ್ಟೇ ಹೇಳಿ ಗಾರ್ಡ್ ಹಿಂದೆ ನಡೆದಳು. ಎರ್ರೆಮ್ಮ ಕೈಯಲ್ಲಿದ್ದ ಹೂ ನೋಡಿದಳು, ಮಗನನ್ನು ನೋಡಿದಳು. ಆಮೇಲೆ, ಕಿತ್ತಾಕಿ ನಾನು, ನಿಲ್ಲಪ್ಪಾ ಅಂತ ಕೂಗುತ್ತಾ ಅವರ ಹಿಂದೆಯೇ ಓಡಿದಳು. ಮಗ ಎಷ್ಟು ಕರೆದರೂ ತಿರುಗಲಿಲ್ಲ.